ಮರಿಗಳ ಗೊರಗೊರ: ಥಂಡಿಯೋ, ರೋಗವೋ, ಕೋಣೆಯ ಗಾಳಿಯೋ?

ಪ್ರಶ್ನೆ: ಸರ್, ನಮಸ್ಕಾರ. ನಮ್ಮದು ತಿಪಟೂರು ಕಡೆ ಹಳ್ಳಿ. ಒಂದು ದಿನದ 100 ಗಿರಿರಾಜ ಕೋಳಿಮರಿ ತಂದೆವು. ತೆಂಗಿನಕಾಯಿ ಕೂಡಿಡುವ ಕೋಣೆ ಖಾಲಿ ಇತ್ತು. ಅದರಲ್ಲಿ ಐದಡಿ ಆರಡಿ ಜಾಗಕ್ಕೆ ತಗಡು ಸುತ್ತಿ, ಕೆಳಗೆ ನಾರಿನ ಪುಡಿ ಹಾಸಿ, 100 ವ್ಯಾಟಿನ ಎರಡು ಬಲ್ಬ್ ಹಾಕಿದ್ದೇವೆ. ಚಳಿ ಜಾಸ್ತಿ ಅಂತ ಕಿಟಕಿ, ಸೂರಿನ ಸಂದಿಗೆಲ್ಲ ಪ್ಲಾಸ್ಟಿಕ್ ಹೊಡೆದಿದ್ದೇವೆ. ಕರೆಂಟ್ ಹೋದರೆ ಕರಟದ ಕೆಂಡ ಬಾಣಲೆಯಲ್ಲಿಡುತ್ತೇವೆ. ಮೊದಲ ಐದು ದಿನದಲ್ಲಿ ನಾಲ್ಕು ಮರಿ ಬಾಯಿ ತೆರೆದು ಮೇಲುಸಿರು ಬಿಡುತ್ತಾ ಸತ್ತವು, ಸದ್ದೇ ಇರಲಿಲ್ಲ. ಏಳನೇ ದಿನ ಲಸೋಟ ಲಸಿಕೆಯನ್ನು ಕಣ್ಣಿಗೆ ಹಾಕಿಸಿದೆವು, ಐಸ್ ತುಂಬಿದ ಫ್ಲಾಸ್ಕಿನಲ್ಲೇ ತಂದಿದ್ದು. ಹತ್ತನೇ ದಿನದಿಂದ ಸೀನು, ಗೊರಗೊರ, ಕೆಲವಕ್ಕೆ ಕಣ್ಣಿನ ಮೂಲೆಯಲ್ಲಿ ನೊರೆ. ಇವತ್ತು ಹದಿಮೂರನೇ ದಿನ, ಒಟ್ಟು ಹನ್ನೊಂದು ಹೋದವು. ಔಷಧಿ ಅಂಗಡಿಯಲ್ಲಿ ಒಂದು ಆಂಟಿಬಯೋಟಿಕ್, ಒಂದು ಕ್ಯಾಲ್ಸಿಯಂ ಟಾನಿಕ್ ಕೊಟ್ಟು ಎರಡನ್ನೂ ಒಂದೇ ನೀರಿಗೆ ಹಾಕಿ ಅಂದರು, ಇನ್ನೂ ಹಾಕಿಲ್ಲ. ಅತ್ತೆ ಬೆಳ್ಳುಳ್ಳಿ ರಸ ಹುಯ್ಯುತ್ತಿದ್ದಾರೆ, ಪಕ್ಕದವರು ಎರಡು ತೊಟ್ಟು ಬ್ರಾಂದಿ ಹಾಕಿ ಅಂತಾರೆ. ಇದು ಹಕ್ಕಿಜ್ವರವಾ? ಮನೆಯಲ್ಲಿ ಮೂರು ವರ್ಷದ ಮಗು ಇದೆ, ಅತ್ತೆಗೆ ಉಬ್ಬಸ. ನಾಳೆ ಗುಂಬೋರೊ ಲಸಿಕೆ ಹಾಕಿಸಬೇಕಂತೆ, ಹಾಕಿಸಲಾ? ಇಲ್ಲ ಎಲ್ಲವನ್ನೂ ತೆಗೆದುಬಿಡಲಾ?

ಉತ್ತರ: ಮೊದಲು ಎರಡು ಕೆಲಸ ಮಾಡಿ ಬನ್ನಿ, ಆಮೇಲೆ ಮುಂದಕ್ಕೆ ಓದಿ. ಕೆಂಡದ ಬಾಣಲೆಯನ್ನು ಆ ಕೋಣೆಯಿಂದ ಹೊರಗಿಡಿ. ಸೂರಿನ ಕೆಳಗಿನ ಪ್ಲಾಸ್ಟಿಕ್ಕನ್ನು ಎದುರುಬದುರು ಎರಡೂ ಕಡೆ ಒಂದೊಂದು ಅಡಿ ಕತ್ತರಿಸಿ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ಹುಟ್ಟುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಮರಿಗಳ ಜೊತೆಗೆ, ಅಲ್ಲೇ ಕೂತು ಆರೈಕೆ ಮಾಡುವ ನಿಮ್ಮ ಅತ್ತೆಯನ್ನೂ ತೆಗೆದುಕೊಂಡು ಹೋಗಬಲ್ಲದು. ಇದರ ಮುಂದೆ ಮರಿಗಳ ಲೆಕ್ಕ ಸಣ್ಣದು.

ಈಗ ಪತ್ರಕ್ಕೆ ಬರೋಣ. ನೀವು ಹನ್ನೊಂದು ಸಾವನ್ನು ಒಂದೇ ಲೆಕ್ಕಕ್ಕೆ ಸೇರಿಸಿದ್ದೀರಿ. ನನಗೆ ಕಾಣುವುದು ಎರಡು ಬೇರೆ ಬೇರೆ ಕಥೆ. ಮೊದಲ ನಾಲ್ಕು ಸದ್ದಿಲ್ಲದೆ ಬಾಯಿ ತೆರೆದು ಸತ್ತವು, ಅದೂ ಲಸಿಕೆಗಿಂತ ಮೊದಲೇ. ಹತ್ತನೇ ದಿನದಿಂದ ಶುರುವಾದದ್ದು ಸೀನು ಮತ್ತು ಗೊರಗೊರ. ಉಸಿರಿನ ಕಾಯಿಲೆಯಲ್ಲಿ ಸದ್ದು ಇದೆಯೋ ಇಲ್ಲವೋ ಎಂಬುದು ದೊಡ್ಡ ಸುಳಿವು. ಗೊರಗೊರ ಎಂದರೆ ಶ್ವಾಸನಾಳದೊಳಗೆ ಲೋಳೆ ಕಟ್ಟಿಕೊಂಡಿದೆ, ಗಾಳಿ ಅದನ್ನು ಸೀಳಿಕೊಂಡು ಹೋಗುತ್ತಿದೆ. ಸದ್ದಿಲ್ಲದ ಮೇಲುಸಿರು ಎಂದರೆ ನಾಳ ಚೊಕ್ಕಟವಾಗಿದ್ದು, ಕೆಳಗೆ ಶ್ವಾಸಕೋಶವೇ ಕೆಟ್ಟಿರುವ ಸಂಭವ ಹೆಚ್ಚು.

ಎಳೆಯ ಮರಿಯಲ್ಲಿ ಈ ಸದ್ದಿಲ್ಲದ ಮೇಲುಸಿರಿಗೆ ಮೊದಲ ಅನುಮಾನ ಬೂಷ್ಟಿನ ಮೇಲೆ. ಆಸ್ಪರ್ಜಿಲಸ್ ಎಂಬ ಬೂಷ್ಟು ಒದ್ದೆ ಹಾಸಿನಲ್ಲಿ, ಮುಗ್ಗಿದ ಮೇವಿನಲ್ಲಿ, ಕೆಲವೊಮ್ಮೆ ಮರಿ ಮಾಡಿಸುವ ಯಂತ್ರದೊಳಗೂ ಬೆಳೆಯುತ್ತದೆ. ಅದರ ಪುಡಿ ಉಸಿರಿನೊಂದಿಗೆ ಒಳಗೆ ಹೋಗಿ ಶ್ವಾಸಕೋಶದಲ್ಲಿ ಮೊಳೆಯುತ್ತದೆ. ನಾರಿನ ಪುಡಿ ನಿಮ್ಮ ಕಡೆ ಪುಕ್ಕಟೆ ಸಿಗುತ್ತದೆ, ಗಿಡದ ಬುಡಕ್ಕೆ ಒಳ್ಳೆಯದು. ಯಾಕೆ ಒಳ್ಳೆಯದು ಅಂದರೆ ತನ್ನ ತೂಕದ ಹಲವು ಪಟ್ಟು ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಆ ಗುಣವೇ ಮರಿಗಳಿಗೆ ಮುಳುವು. ಮೇಲೆ ಒಣಗಿದಂತೆ ಕಂಡರೂ ಒಂದಿಂಚು ಕೆಳಗೆ ಒದ್ದೆ, ಬಲ್ಬಿನ ಶಾಖ ಬೇರೆ. ಬೂಷ್ಟಿಗೆ ಇದಕ್ಕಿಂತ ಒಳ್ಳೆಯ ಮನೆ ಬೇಕೆ? ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಬಿಗಿಯಾಗಿ ಹಿಂಡಿ, ಬಿಡಿ. ಉಂಡೆಯಾಗಿ ನಿಂತರೆ ಆ ಹಾಸು ಮರಿಗಳ ಕೆಳಗೆ ಇರಬಾರದು.

ಬಾಯಿ ತೆರೆಯುವ ಮರಿಯೆಲ್ಲ ರೋಗದ್ದಲ್ಲ ಎಂಬುದನ್ನೂ ಹೇಳಬೇಕು. ಸೆಕೆಯಾದರೂ ಮರಿ ಬಾಯಿ ತೆರೆಯುತ್ತದೆ. ಆಗ ಒಂದೆರಡಲ್ಲ, ಗುಂಪಿಗೆ ಗುಂಪೇ ಬಲ್ಬಿನಿಂದ ದೂರ ಸರಿದು, ರೆಕ್ಕೆ ಇಳಿಬಿಟ್ಟು ತಗಡಿಗೆ ಒತ್ತಿಕೊಂಡಿರುತ್ತದೆ. ಬಲ್ಬ್ ಮೇಲೆತ್ತಿದರೆ ಅರ್ಧ ಗಂಟೆಯಲ್ಲಿ ಸರಿಹೋಗುತ್ತದೆ.

ಇನ್ನು ಹತ್ತನೇ ದಿನದ ಗೊರಗೊರ. ಇಲ್ಲಿ ಲಸಿಕೆಯನ್ನು ಬೈಯುವವರು ಬಹಳ, ಅವರ ಮಾತು ಪೂರ್ತಿ ಸುಳ್ಳೂ ಅಲ್ಲ. ಲಸೋಟ ಎಂದರೆ ಕೊಕ್ಕರೆ ರೋಗದ, ಅಂದರೆ ರಾಣಿಖೇತ್ ರೋಗದ, ಬಲ ಕುಂದಿದ ಜೀವಂತ ವೈರಸ್. ಕಣ್ಣಿಗೆ ಬಿಟ್ಟ ಹನಿ ಮೂಗು ಗಂಟಲಿನಲ್ಲಿ ಸ್ವಲ್ಪ ಬೆಳೆದೇ ಮರಿಗೆ ರಕ್ಷಣೆ ಕಲಿಸುತ್ತದೆ. ಹಾಗಾಗಿ ಮೂರ್ನಾಲ್ಕು ದಿನದ ಮೇಲೆ ಅಲ್ಲೊಂದು ಇಲ್ಲೊಂದು ಸೀನು ಕೇಳಿಬರುವುದು ಲಸಿಕೆ ಕೆಲಸ ಮಾಡುತ್ತಿದೆ ಎನ್ನುವುದರ ಗುರುತು. ಒಳ್ಳೆಯ ಗಾಳಿಯಿರುವ ಕೋಣೆಯಲ್ಲಿ ಅದು ಮೂರ್ನಾಲ್ಕು ದಿನಕ್ಕೆ ತಣ್ಣಗಾಗುತ್ತದೆ. ಕೆಟ್ಟ ಗಾಳಿಯಲ್ಲಿ ಹಾಗಾಗುವುದಿಲ್ಲ. ಅಲ್ಲಿ ಸೀನು ಗೊರಗೊರವಾಗುತ್ತದೆ, ಗೊರಗೊರ ಸಾವಾಗುತ್ತದೆ. ನಿಮ್ಮಲ್ಲಿ ನಡೆದಿರುವುದು ಇದೇ ಎಂಬುದು ನನ್ನ ಅಂದಾಜು.

ಹೇಗೆಂದರೆ, ಮರಿಯ ಶ್ವಾಸನಾಳದ ಒಳಗೋಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿರುತ್ತವೆ. ಧೂಳು, ಲೋಳೆ, ರೋಗಾಣುವನ್ನು ಅವು ಬಿಡುವಿಲ್ಲದೆ ಮೇಲಕ್ಕೆ ಗುಡಿಸುತ್ತಿರುತ್ತವೆ. ಹಿಕ್ಕೆಯೂ ತೇವವೂ ಸೇರಿ ಎದ್ದ ಅಮೋನಿಯಾ ಈ ಪೊರಕೆಯನ್ನೇ ನಿಲ್ಲಿಸಿಬಿಡುತ್ತದೆ. ಮೇಲಾಗಿ ಕೋಳಿಯ ಶ್ವಾಸಕೋಶ ನಮ್ಮದರಂತೆ ಹಿಗ್ಗಿ ಕುಗ್ಗುವುದಿಲ್ಲ, ಪಕ್ಕೆಲುಬಿಗೆ ಅಂಟಿಕೊಂಡು ಕೂತಿರುತ್ತದೆ. ತಿದಿಯಂತೆ ಗಾಳಿ ಆಡಿಸುವುದು ಎದೆ ಹೊಟ್ಟೆಗಳಲ್ಲಿ ಹರಡಿಕೊಂಡಿರುವ ಒಂಬತ್ತು ಗಾಳಿಚೀಲಗಳು. ನಮಗಿರುವಂತೆ ಎದೆಗೂ ಹೊಟ್ಟೆಗೂ ನಡುವೆ ವಪೆಯ ಅಡ್ಡಗೋಡೆ ಅದಕ್ಕಿಲ್ಲ. ಪೊರಕೆ ನಿಂತ ಮೇಲೆ ಮಾಮೂಲಿ ಇ. ಕೋಲೈ ಬ್ಯಾಕ್ಟೀರಿಯಾ ಕೂಡ ನೇರ ಚೀಲಕ್ಕಿಳಿದು ಕೀವು ಕಟ್ಟಿಸುತ್ತದೆ.

ಅಮೋನಿಯಾ 25 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ 25 ಪಾಲು, ಮೀರಬಾರದು ಅಂತ ಕೋಳಿ ಸಾಕಣೆಯ ಲೆಕ್ಕ. ಅಳೆಯುವ ಸಾಧನ ನಿಮ್ಮಲ್ಲಿಲ್ಲ, ಬೇಕಾಗಿಯೂ ಇಲ್ಲ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಒಳಗೆ ಹೋಗಿ, ತಗಡಿನ ಪಕ್ಕ ಮಂಡಿಯೂರಿ, ಮುಖವನ್ನು ಮರಿಗಳ ಎತ್ತರಕ್ಕೆ ಇಳಿಸಿ ಎರಡು ನಿಮಿಷ ಉಸಿರಾಡಿ. ನಿಂತಾಗ ಗೊತ್ತಾಗದ ಘಾಟು ಅಲ್ಲಿರುತ್ತದೆ. ಕಣ್ಣು ಉರಿದರೆ ಮಿತಿ ಎಂದೋ ದಾಟಿದೆ. ದಿನವಿಡೀ ಅಲ್ಲೇ ಓಡಾಡುವವರ ಮೂಗಿಗೆ ಇದು ರೂಢಿಯಾಗಿ ಹೋಗಿರುತ್ತದೆ, ಹೊರಗಿನವರೊಬ್ಬರನ್ನು ಕರೆದು ಕೇಳಿ. ಒಮ್ಮೆ ಒಂದು ಕಡೆ ರೈತರೊಬ್ಬರು "ವಾಸನೆಯೇ ಇಲ್ಲ ಡಾಕ್ಟ್ರೇ" ಅನ್ನುತ್ತಿದ್ದರು. ನಾನು ಕಣ್ಣೀರು ಒರೆಸಿಕೊಳ್ಳುತ್ತಾ ಅವರ ಮಾತು ಕೇಳುತ್ತಿದ್ದೆ.

ನೊರೆಗಣ್ಣು ಅಂದಿರಲ್ಲ, ಅದು ಇನ್ನೊಂದು ಅನುಮಾನ ಹುಟ್ಟಿಸುತ್ತದೆ. ಮೈಕೋಪ್ಲಾಸ್ಮಾ ಎಂಬ ರೋಗಾಣುವಿನಿಂದ ಬರುವ, ಕೋಳಿಗಳ ದೀರ್ಘಕಾಲದ ಉಸಿರಿನ ಕಾಯಿಲೆಯಾದ ಸಿಆರ್‌ಡಿ. ಇದು ತಾಯಿಕೋಳಿಯಿಂದ ಮೊಟ್ಟೆಯ ಮೂಲಕವೇ ಮರಿಗೆ ಬರಬಹುದು. ಒಳಗೇ ಅಡಗಿದ್ದು, ಚಳಿ, ಇಕ್ಕಟ್ಟು, ಲಸಿಕೆ, ಘಾಟು ಸೇರಿದಾಗ ತಲೆ ಎತ್ತುತ್ತದೆ. ಆದರೆ ಅಮೋನಿಯಾಕ್ಕೂ ಕಣ್ಣು ಊದಿ ನೀರು ಸುರಿಯುತ್ತದೆ. ಬರೀ ಕಣ್ಣು ನೋಡಿ ತೀರ್ಪು ಕೊಡಲಾರೆ.

ಹಕ್ಕಿಜ್ವರದ ಭಯಕ್ಕೆ ನೇರ ಉತ್ತರ: ನಿಮ್ಮ ವಿವರ ಅದಕ್ಕೆ ಹೊಂದುವುದಿಲ್ಲ. ಅದು ಬಂದರೆ ಮೂರು ದಿನ ಸೀನಿಸಿ ದಿನಕ್ಕೆರಡರಂತೆ ಕೊಲ್ಲುವುದಿಲ್ಲ. ದೊಡ್ಡ ಕೋಳಿಗಳೂ ಸೇರಿದಂತೆ ಒಂದೆರಡು ದಿನದಲ್ಲಿ ಗುಂಪೇ ಬೀಳುತ್ತದೆ, ಜುಟ್ಟು ನೀಲಿಗಟ್ಟುತ್ತದೆ, ಮುಖ ಊದುತ್ತದೆ. ಕರ್ನಾಟಕಕ್ಕೆ ಅದು ಬಂದೇ ಇಲ್ಲ ಅಂತೇನಲ್ಲ. 2012ರಲ್ಲಿ ಹೆಸರಘಟ್ಟದಲ್ಲಿ, 2025ರಲ್ಲಿ ಚಿಕ್ಕಬಳ್ಳಾಪುರ ಕಡೆ ಕಾಣಿಸಿತ್ತು. ಹಾಗಾಗಿ ಅಂಗಳದ ದೊಡ್ಡ ಕೋಳಿಗಳ ಮೇಲೊಂದು ಕಣ್ಣಿಡಿ. ಅವೂ ದಿಢೀರನೆ ಬೀಳತೊಡಗಿದರೆ ಯಾವುದನ್ನೂ ಮುಟ್ಟದೆ, ಕೊಯ್ಯದೆ, ಮಾರದೆ, ಪಶು ಆಸ್ಪತ್ರೆಗೆ ಅಥವಾ ಪಶುಪಾಲನಾ ಇಲಾಖೆಯ 1962ಕ್ಕೆ ಫೋನ್ ಮಾಡಿ. ಮರಿಗಳಲ್ಲಿ ಹಸಿರು ಭೇದಿ, ಕತ್ತು ತಿರುಚುವುದು, ಕಾಲು ಎಳೆಯುವುದು ಕಂಡರೆ ಲಸಿಕೆ ಆಗಿದ್ದರೂ ಕೊಕ್ಕರೆ ರೋಗವೇ ಹೊಕ್ಕಿರಬಹುದು. ಆಗಲೂ ಇದೇ ದಾರಿ.

ಮಗುವಿನ ವಿಚಾರ. ಸಿಆರ್‌ಡಿ ಮನುಷ್ಯರಿಗೆ ಬರುವುದಿಲ್ಲ. ರಾಣಿಖೇತ್ ವೈರಸ್ಸು, ಲಸಿಕೆಯದೂ ಸೇರಿ, ಕಣ್ಣಿಗೆ ತಾಗಿದರೆ ಕೆಲವು ದಿನ ಕಣ್ಣು ಕೆಂಪಾಗಬಹುದು. ಲಸಿಕೆ ಹಾಕಿದ ಕೈಯಲ್ಲಿ ಕಣ್ಣುಜ್ಜಿಕೊಂಡ ನಮ್ಮಂಥವರಿಗೆಲ್ಲ ಅದರ ಅನುಭವವಿದೆ. ಮಗು ಮರಿಗಳನ್ನು ಮುಖಕ್ಕೆ ಒತ್ತಿಕೊಳ್ಳದಂತೆ, ಮುಟ್ಟಿದರೆ ಸೋಪು ಹಾಕಿ ಕೈ ತೊಳೆಯುವಂತೆ ನೋಡಿಕೊಳ್ಳಿ. ನನಗೆ ಹೆಚ್ಚು ಚಿಂತೆ ನಿಮ್ಮ ಅತ್ತೆಯದು. ಉಬ್ಬಸದವರು ಬೂಷ್ಟಿನ ಧೂಳಿರುವ ಕೋಣೆಯಲ್ಲಿ ಕೂರಲೇಬಾರದು. ಹಾಸು ಬದಲಿಸುವ ದಿನವಂತೂ ಅವರು ಆ ಕಡೆ ಸುಳಿಯುವುದು ಬೇಡ. ಬದಲಿಸುವ ನೀವೂ ಮಾಸ್ಕ್ ಹಾಕಿಕೊಳ್ಳಿ.

ಅತ್ತೆಯ ಬೆಳ್ಳುಳ್ಳಿಗೂ ಪಕ್ಕದವರ ಬ್ರಾಂದಿಗೂ ನನ್ನ ತಕರಾರು ಒಂದೇ. ಸತ್ತ ಮರಿಯ ಕೊಕ್ಕನ್ನು ಅಗಲಿಸಿ ನಾಲಿಗೆಯ ಬುಡ ನೋಡಿ. ಅಲ್ಲೇ, ಕಣ್ಣಿಗೆ ಕಾಣುವಂತೆ, ಒಂದು ಸಣ್ಣ ಸೀಳು ಇರುತ್ತದೆ. ಅದು ಶ್ವಾಸನಾಳದ ಬಾಯಿ. ಮೇಲುಸಿರು ಬಿಡುವ ಮರಿಯಲ್ಲಿ ಆ ಬಾಯಿ ಮತ್ತೆ ಮತ್ತೆ ಅಗಲವಾಗಿ ತೆರೆಯುತ್ತಿರುತ್ತದೆ. ಹುಯ್ದ ತೊಟ್ಟು ಹೊಟ್ಟೆಗೆ ಹೋಗುವ ಬದಲು ಎದೆಗೆ ಹೋಗುವ ಸಂಭವವೇ ಹೆಚ್ಚು. "ಔಷಧಿ ಹಾಕಿದ ಮೇಲೆ ಸತ್ತಿತು" ಅಂತ ಹೇಳುವವರ ಮರಿಗಳಲ್ಲಿ ಎಷ್ಟೋ ಹೀಗೆ ಹೋದವು. ಬೆಳ್ಳುಳ್ಳಿ ಅರೆದು ಮೇವಿಗೆ ಬೆರೆಸಿದರೆ ಕೇಡಿಲ್ಲ, ಅತ್ತೆಗೂ ಸಮಾಧಾನ. ಅದು ರೋಗ ವಾಸಿ ಮಾಡುತ್ತದೆ ಅಂತ ಕಾಯಬೇಡಿ, ಅಷ್ಟೆ.

ಗಿರಿರಾಜ ಗಟ್ಟಿ ತಳಿ, ರೋಗ ಸುಳಿಯುವುದಿಲ್ಲ ಎಂದು ಯಾರಾದರೂ ಹೇಳಿರಬಹುದು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಆ ತಳಿ ಬೆಳೆದ ಮೇಲೆ ಹಿತ್ತಿಲಲ್ಲಿ ಕೆದರಿಕೊಂಡು ಬದುಕಲು ಗಟ್ಟಿಯೇ. ಹತ್ತು ದಿನದ ಮರಿಗೆ ಮಾತ್ರ ಯಾವ ತಳಿಯ ಗಟ್ಟಿತನವೂ ಇರುವುದಿಲ್ಲ.

ಹಾಗಾದರೆ ಈಗೇನು? ನಾನಾಗಿದ್ದರೆ ಮೊದಲ ಎರಡು ದಿನವನ್ನು ಔಷಧಿಗಿಂತ ಕೋಣೆಗೆ ಕೊಡುತ್ತಿದ್ದೆ. ಮರಿಗಳನ್ನು ಪಕ್ಕದ ಬೆಚ್ಚನೆಯ ಜಾಗಕ್ಕೆ ರಟ್ಟಿನ ಪೆಟ್ಟಿಗೆಗಳಲ್ಲಿ ಸಾಗಿಸಿ, ನಾರಿನ ಪುಡಿಯನ್ನೆಲ್ಲ ಹೊರಹಾಕಿ. ಮರಿ ಒಳಗಿರುವಾಗಲೇ ಕೆದಕಿದರೆ ಇದ್ದ ಬೂಷ್ಟೆಲ್ಲ ಗಾಳಿಗೆ ಏಳುತ್ತದೆ. ನೆಲ ತೊಳೆದು, ಸುಣ್ಣ ಬಳಿದು, ಪೂರ್ತಿ ಒಣಗಿದ ಮೇಲೆ ಬಿಸಿಲಲ್ಲಿ ಹರಡಿ ಒಣಗಿಸಿದ ಭತ್ತದ ಹೊಟ್ಟನ್ನು ಎರಡಿಂಚು ಹಾಸಿ. ಒದ್ದೆ ಹಾಸಿನ ಮೇಲೇ ಸುಣ್ಣ ಎರಚುವ ರೂಢಿ ಬಹಳ ಕಡೆ ಇದೆ, ಮರಿ ಒಳಗಿರುವಾಗ ಅದು ಬೇಡ. ಸುಣ್ಣ ಬಿದ್ದ ದಿನ ಅಮೋನಿಯಾ ಇನ್ನಷ್ಟು ಏಳುತ್ತದೆ. ನೀರಿನ ಬಟ್ಟಲನ್ನು ಇಟ್ಟಿಗೆಯ ಮೇಲೆ, ಮರಿಯ ಬೆನ್ನಿನ ಎತ್ತರಕ್ಕೆ ಇಡಿ. ಹಾಸು ನೆನೆಯುವುದು ಹೆಚ್ಚಾಗಿ ಅಲ್ಲಿಂದಲೇ.

ಜಾಗವೂ ಸಾಲದು. ಮೊದಲ ವಾರಗಳಲ್ಲಿ ಮರಿಗೆ ಅರ್ಧ ಚದರಡಿ ಬೇಕು. ನಿಮ್ಮ ಮೂವತ್ತು ಚದರಡಿ ಅರವತ್ತು ಮರಿಗೆ ಸರಿ, ನಿಮ್ಮಲ್ಲಿ ಇನ್ನೂ ಎಂಬತ್ತೊಂಬತ್ತು ಇವೆ. ತಗಡನ್ನು ಈಗಲೇ ಹಿಗ್ಗಿಸಿ. ಬಲ್ಬ್ ಲೆಕ್ಕ ಮಾತ್ರ ಸರಿಯಾಗಿದೆ, ಮರಿಗೆ ಎರಡು ವ್ಯಾಟ್. ಮೊದಲ ವಾರ ಮರಿಯ ಮಟ್ಟದಲ್ಲಿ 95 ಡಿಗ್ರಿ ಫ್ಯಾರನ್‌ಹೀಟ್, ಆಮೇಲೆ ವಾರಕ್ಕೆ 5 ಡಿಗ್ರಿ ಇಳಿಸುತ್ತಾ ಬನ್ನಿ. ಈಗ ನಿಮ್ಮವಕ್ಕೆ 90 ಸಾಕು. ಗಾಳಿ ಬಿಟ್ಟರೆ ಚಳಿಯಾಗುತ್ತದಲ್ಲ ಅಂತ ಕೇಳುತ್ತೀರಿ. ಗಾಳಿ ಮರಿಯ ಮೈಗೆ ಬಡಿಯಬಾರದು, ಅದರ ತಲೆಯ ಮೇಲೆ ಆಡಬೇಕು. ಕೆಳಗೆ ಒಂದೂವರೆ ಅಡಿ ತಗಡು ಅಡ್ಡವಿರಲಿ, ಕಿಟಕಿಗೆ ಪ್ಲಾಸ್ಟಿಕ್ ಬದಲು ಗೋಣಿ ಕಟ್ಟಿ, ಸೂರಿನ ಸಂದಿ ಹಗಲೂ ರಾತ್ರಿ ತೆರೆದೇ ಇರಲಿ. ಕರೆಂಟ್ ಹೋದಾಗ ಬಿಸಿನೀರು ತುಂಬಿ ಬಿರಡೆ ಬಿಗಿದ ಕ್ಯಾನುಗಳಿಗೆ ಗೋಣಿ ಸುತ್ತಿ ನಡುವೆ ಇಡಿ.

ಬಾಯಿ ತೆರೆದೇ ಇರುವ ಮರಿಗಳನ್ನು ಬೇರೆ ಪೆಟ್ಟಿಗೆಗೆ ಹಾಕಿ. ಆಮೇಲೆ ರಾತ್ರಿ ಊಟವಾದ ಮೇಲೆ ದೀಪ ಒಂದು ನಿಮಿಷ ಆರಿಸಿ, ಬಾಗಿಲ ಬಳಿ ಸುಮ್ಮನೆ ನಿಲ್ಲಿ. ಕತ್ತಲಾದ ಕೂಡಲೇ ಚಿಲಿಪಿಲಿ ನಿಲ್ಲುತ್ತದೆ, ಗೊರಗೊರ ಮಾತ್ರ ಉಳಿಯುತ್ತದೆ. ಎಷ್ಟು ಕಡೆಯಿಂದ ಕೇಳಿಸಿತು ಅಂತ ಎಣಿಸಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡಿ. ಎರಡು ರಾತ್ರಿಯಲ್ಲಿ ಆ ಸಂಖ್ಯೆ ಇಳಿದರೆ ಔಷಧಿ ಬೇಕಾಗದೆಯೂ ಇರಬಹುದು.

ಏರಿದರೆ, ಅಥವಾ ದಿನಕ್ಕೆ ಎರಡು ಮೂರು ಸಾಯುತ್ತಲೇ ಇದ್ದರೆ, ಆಂಟಿಬಯೋಟಿಕ್ ಕೊಡಬೇಕಾಗುತ್ತದೆ. ಆದರೆ ಯಾವುದು ಎಂದು ಅಂಗಡಿಯಲ್ಲಿ ತೀರ್ಮಾನವಾಗಬಾರದು. ಹೊಸದಾಗಿ ಸತ್ತ ಎರಡು ಮರಿ, ಸಾಧ್ಯವಾದರೆ ಸಾಯುವಂತಿರುವ ಒಂದು ಮರಿಯನ್ನು ತಾಲ್ಲೂಕು ಪಶು ಆಸ್ಪತ್ರೆಗೆ ಒಯ್ಯಿರಿ. ಸತ್ತದ್ದನ್ನು ಎರಡು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಸುತ್ತ ಐಸ್ ಇಡಿ, ಫ್ರೀಜರಿಗೆ ಹಾಕಬೇಡಿ. ವೈದ್ಯರು ಕೊಯ್ದು ನೋಡಿದರೆ ಹತ್ತು ನಿಮಿಷದಲ್ಲಿ ಅರ್ಧ ಉತ್ತರ ಸಿಗುತ್ತದೆ. ಶ್ವಾಸಕೋಶದಲ್ಲಿ ಸಬ್ಬಕ್ಕಿಯಂಥ ಬಿಳಿ ಹಳದಿ ಗಂಟುಗಳಿದ್ದರೆ ಬೂಷ್ಟು. ಗಾಜಿನಂತೆ ತಿಳಿಯಾಗಿರಬೇಕಾದ ಗಾಳಿಚೀಲ ಮಂಕಾಗಿ, ಗಿಣ್ಣಿನ ಚೂರಿನಂಥದ್ದು ಅಂಟಿಕೊಂಡಿದ್ದರೆ ಸಿಆರ್‌ಡಿ ಅಥವಾ ಇ. ಕೋಲೈ. ಇನ್ನೂ ಗೊಂದಲವಿದ್ದರೆ ಅವರೇ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಗೆ ಮಾದರಿ ಕಳಿಸುತ್ತಾರೆ.

ಈ ವ್ಯತ್ಯಾಸ ಯಾಕೆ ಮುಖ್ಯವೆಂದರೆ, ಬೂಷ್ಟಿಗೆ ಆಂಟಿಬಯೋಟಿಕ್ ಏನೂ ಮಾಡುವುದಿಲ್ಲ. ಅದು ಮರಿಯಿಂದ ಮರಿಗೆ ಅಂಟುವುದೂ ಇಲ್ಲ. ಮೂಲ ತೆಗೆದರೆ ಹೊಸ ಸಾವು ನಿಲ್ಲುತ್ತದೆ, ಆಗಲೇ ಹಿಡಿದವು ಉಳಿಯುವುದು ಅಪರೂಪ. ಮೈಲುತುತ್ತ ನೀರಿಗೆ ಹಾಕಿ ಅನ್ನುವವರು ಸಿಗುತ್ತಾರೆ. ಅಡಕೆಗೆ ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವ ಮನೆಗಳಲ್ಲಿ ಅದು ಕೈಗೆ ಸಿಗುವಂತೆಯೂ ಇರುತ್ತದೆ. ಅಳತೆ ತಪ್ಪಿದರೆ ಮರಿಯ ಹೊಟ್ಟೆ ಸುಡುತ್ತದೆ, ಕೈ ಹಾಕಬೇಡಿ.

ಸಿಆರ್‌ಡಿಗಾದರೆ ಟೈಲೋಸಿನ್, ಡಾಕ್ಸಿಸೈಕ್ಲಿನ್‌ನಂಥವು ಕೆಲಸ ಮಾಡುತ್ತವೆ. ವೈದ್ಯರು ಹೇಳಿದಷ್ಟು ದಿನ ಪೂರ್ತಿ ಕೊಡಬೇಕು, ಬೇರೆ ನೀರು ಸಿಗದಂತೆ, ದಿನಾ ಹೊಸದಾಗಿ ಬೆರೆಸಿ. ನಿಮ್ಮ ಮರಿಗಳು ದಿನಕ್ಕೆ ಎಷ್ಟು ನೀರು ಕುಡಿಯುತ್ತವೆ ಎಂದು ಒಂದು ದಿನ ಅಳೆದಿಟ್ಟುಕೊಂಡು ಹೋದರೆ ಪ್ರಮಾಣ ಹೇಳುವುದು ಅವರಿಗೆ ಸುಲಭ. ಅಂಗಡಿಯವರ "ಎರಡನ್ನೂ ಒಂದೇ ನೀರಿಗೆ" ಸಲಹೆ ತಪ್ಪು. ಡಾಕ್ಸಿಸೈಕ್ಲಿನ್ ಇರಲಿ, ಎನ್ರೋಫ್ಲಾಕ್ಸಸಿನ್ ಇರಲಿ, ಕ್ಯಾಲ್ಸಿಯಂ ಜೊತೆ ಸೇರಿದರೆ ಗಂಟುಹಾಕಿಕೊಂಡು ಮೈಗೆ ಹತ್ತದೆ ಹೊರಹೋಗುತ್ತದೆ. ಬಾಟಲಿಯ ಚೀಟಿಯನ್ನೂ ಓದಿ. ಕೊಲಿಸ್ಟಿನ್ ಎಂದಿದ್ದರೆ ವಾಪಸ್ ಕೊಡಿ, ಆಹಾರಕ್ಕೆ ಸಾಕುವ ಪ್ರಾಣಿಗಳಿಗೆ ಅದನ್ನು ನಮ್ಮ ದೇಶದಲ್ಲಿ 2019ರಲ್ಲೇ ನಿಷೇಧಿಸಿದ್ದಾರೆ.

ಔಷಧಿಯ ಇನ್ನೊಂದು ಮಿತಿಯನ್ನೂ ಮುಚ್ಚಿಡಬಾರದು. ಸಿಆರ್‌ಡಿಯ ಗೊರಗೊರ ನಿಂತರೂ ರೋಗಾಣು ಪೂರ್ತಿ ಹೋಗುವುದಿಲ್ಲ. ಉಳಿದ ಮರಿಗಳು ಬೆಳೆಯುತ್ತವೆ, ಮೊಟ್ಟೆಯನ್ನೂ ಇಡುತ್ತವೆ, ಆದರೆ ಜೀವಮಾನವಿಡೀ ಅದನ್ನು ಹೊತ್ತಿರುತ್ತವೆ. ಅವನ್ನು ಅಂಗಳದ ಹಳೆಯ ಕೋಳಿಗಳ ಜೊತೆ ಬೆರೆಸಬೇಡಿ, ಅವುಗಳ ಮೊಟ್ಟೆಯನ್ನು ಕಾವಿಗಿಡಬೇಡಿ. ತಿನ್ನುವ ಮೊಟ್ಟೆ ಮಾಂಸಕ್ಕೆ ತೊಂದರೆಯಿಲ್ಲ, ಔಷಧಿಯ ಮೇಲೆ ಬರೆದ ಕಾಯುವ ದಿನಗಳು ಮುಗಿದಿರಬೇಕು.

ಎಲ್ಲವನ್ನೂ ತೆಗೆದುಬಿಡಲಾ ಅಂದಿರಿ. ನೂರರಲ್ಲಿ ಹನ್ನೊಂದು ಹೋದದ್ದಕ್ಕೆ ಅಂಥ ನಿರ್ಧಾರ ಬೇಡ. ಬೇರೆ ಹಾಕಿದ ಪೆಟ್ಟಿಗೆಯಲ್ಲಿ ಮೇವು ನೀರು ಮುಟ್ಟದೆ, ಕತ್ತು ಚಾಚಿ ಒದ್ದಾಡುತ್ತಿರುವವನ್ನು ಮಾತ್ರ ವೈದ್ಯರ ಮೂಲಕ ನೋವಿಲ್ಲದೆ ಮುಗಿಸುವುದು ಕರುಣೆ. ಕೊಯ್ದು ನೋಡಿದಾಗ ಕೊಕ್ಕರೆ ರೋಗವೇ ಅಂತಾದರೆ ಮಾತು ಬೇರೆ, ಆಗ ಇಡೀ ಕೋಣೆ ಖಾಲಿ ಮಾಡಿ ಎರಡು ವಾರವಾದರೂ ಬಿಡುವು ಕೊಡಬೇಕಾಗಬಹುದು.

ಗುಂಬೋರೊ ಲಸಿಕೆಯನ್ನು ನಾಳೆ ಹಾಕಿಸಬೇಡಿ. ನರಳುತ್ತಿರುವ ಮೈಗೆ ಹಾಕಿದ ಲಸಿಕೆ ಸರಿಯಾಗಿ ಹತ್ತುವುದಿಲ್ಲ. ತೀರಾ ಮುಂದೂಡಿದರೆ ಗುಂಬೋರೊ ಬಂದು ಕೂರುವ ಅಪಾಯವೂ ಇದೆ, ಅದು ಮೂರನೇ ವಾರದಿಂದಲೇ ಹಿಡಿಯುವ ಕಾಯಿಲೆ. ಹಾಗಾಗಿ ಕೋಣೆ ಸರಿಮಾಡಿ, ಮೂರ್ನಾಲ್ಕು ದಿನದಲ್ಲಿ ರಾತ್ರಿಯ ಎಣಿಕೆ ಇಳಿದು ಮರಿಗಳು ಚುರುಕಾಗಿ ಮೇವು ತಿನ್ನತೊಡಗಿದ ಕೂಡಲೇ, ವೈದ್ಯರನ್ನು ಒಂದು ಮಾತು ಕೇಳಿ ಹಾಕಿಸಿ. ನಾಲ್ಕನೇ ವಾರದ ಲಸೋಟ ಎರಡನೇ ಸುತ್ತನ್ನು ಮಾತ್ರ ಒಂದು ಮರಿ ಗೊರಗುಡುತ್ತಿದ್ದರೂ ಹಾಕಿಸಬೇಡಿ.

ಸತ್ತ ಹನ್ನೊಂದನ್ನು ಏನು ಮಾಡಿದಿರಿ ಅಂತ ನೀವು ಬರೆದಿಲ್ಲ. ತಿಪ್ಪೆಗೆ ಎಸೆದಿದ್ದರೆ ನಾಯಿ, ಕಾಗೆ ಎಳೆದಾಡಿ ಅಂಗಳದ ಕೋಳಿಗಳ ತನಕ ತಂದಿರುತ್ತವೆ. ಸಿಕ್ಕಷ್ಟನ್ನು ಇವತ್ತೇ ಆಯ್ದು, ಬಾವಿಯಿಂದ ದೂರ, ಮೂರಡಿ ಗುಂಡಿಯಲ್ಲಿ ಸುಣ್ಣ ಸುರಿದು ಮುಚ್ಚಿ. ಹೊರಹಾಕಿದ ನಾರಿನ ಪುಡಿಯನ್ನು ತೆಂಗಿನ ಪಾತಿಗೆ ಹಾಕಿ ಮೇಲೆ ಮಣ್ಣೆಳೆಯಿರಿ, ಅಲ್ಲಿ ಅದು ಇರಬೇಕಾದ ಜಾಗದಲ್ಲೇ ಇರುತ್ತದೆ.